ತಿಂದರೂ ಕೆಲಸ ಮಾಡಿದವರು

ಹೋಟೆಲಿನ ಜಗಲಿಯ ಮೇಲೆ ಭಾರೀ ದೇಹದ ಮನುಷ್ಯನೊಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಕುಡಿಯುವುದು ಹಾಲು. ಬೀದಿಯಲ್ಲಿ ಹೋಗಿಬರುವವರೆಲ್ಲ ಅವನ ಕಣ್ಣೆದುರೇ ಹಾದುಹೋಗಬೇಕು. ಮೈಕೆಲ್ ಕರ್ಟಿಜ್ ನಿರ್ದೇಶಿಸಿದ, 1949ರ ‘ಫ್ಲೆಮಿಂಗೊ ರೋಡ್’ ಚಿತ್ರದ ಶೆರಿಫ್ ಟೈಟಸ್ ಸೆಂಪಲ್ ಇವನು. ಪಾತ್ರ ಮಾಡಿದವನು ಸಿಡ್ನಿ ಗ್ರೀನ್‌ಸ್ಟ್ರೀಟ್. ಯಾರು ಶಾಸನಸಭೆಗೆ ಹೋಗಬೇಕು, ಯಾರು ಜೈಲಿಗೆ ಹೋಗಬೇಕು ಎಂಬುದು ಆ ಕುರ್ಚಿಯಲ್ಲೇ ನಿರ್ಧಾರವಾಗುತ್ತದೆ. ಭಟ್ಕಳ, ಹೊನ್ನಾವರ, ಕುಮಟಾದಂಥ ಪೇಟೆಗಳಲ್ಲಿ ಚಹಾದಂಗಡಿಯ ಬೆಂಚಿನ ಮೇಲೆ ಚುನಾವಣೆಯ ಮಾತು ಕೇಳುತ್ತ ಬೆಳೆದವರಿಗೆ ಈ ಜಗಲಿ ಅಷ್ಟೇನೂ ದೂರದ್ದೆನಿಸುವುದಿಲ್ಲ.

ಕತೆ ಹೀಗಿದೆ. ಊರೂರು ತಿರುಗುವ ಮೇಳವೊಂದರಲ್ಲಿ ಕುಣಿಯುವ ಲೇನ್ (ಜೋನ್ ಕ್ರಾಫರ್ಡ್), ಮೇಳ ಜಾಗ ಖಾಲಿ ಮಾಡಿದಾಗ ತಾನೊಬ್ಬಳೇ ಬೋಲ್ಡನ್ ಎಂಬ ಸಣ್ಣ ಪಟ್ಟಣದಲ್ಲಿ ಉಳಿದುಬಿಡುತ್ತಾಳೆ. ಶೆರಿಫನ ಕೈಕೆಳಗಿನ ಫೀಲ್ಡಿಂಗ್ ಅವಳಿಗೆ ಮನಸೋಲುತ್ತಾನೆ. ಅವನನ್ನು ರಾಜಕೀಯದಲ್ಲಿ ಮೇಲೆ ತರಲು ಹೊರಟ ಟೈಟಸ್‌ಗೆ ಈ ಸಂಬಂಧ ಅಡ್ಡಿ. ಲೇನ್ ಕೆಲಸ ಕಳೆದುಕೊಳ್ಳುತ್ತಾಳೆ. ನಡತೆಗೆಟ್ಟವಳೆಂಬ ಸುಳ್ಳು ಆರೋಪದಲ್ಲಿ ಜೈಲು ಸೇರುತ್ತಾಳೆ. ಹೊರಬಂದವಳು ರಾಜಕಾರಣಿಗಳು ಬಂದುಹೋಗುವ ಮನೆಯೊಂದರಲ್ಲಿ ಕೆಲಸ ಹಿಡಿಯುತ್ತಾಳೆ. ಅಲ್ಲಿ ಪರಿಚಯವಾದ ಡ್ಯಾನ್ ರೆನಾಲ್ಡ್ಸ್‌ನನ್ನು ಮದುವೆಯಾಗಿ ಫ್ಲೆಮಿಂಗೊ ರೋಡಿಗೆ, ಅಂದರೆ ಊರಿನ ಸಿರಿವಂತರ ಬೀದಿಗೆ, ಬಂದು ನೆಲೆಸುತ್ತಾಳೆ. ಕೊನೆಯಲ್ಲಿ ಅವಳ ಪಿಸ್ತೂಲು ಸಿಡಿದು ಟೈಟಸ್ ಸಾಯುತ್ತಾನೆ.

ಈ ಚಿತ್ರದಲ್ಲಿ ನನ್ನನ್ನು ಕಾಡಿದ್ದು ಟೈಟಸ್‌ಗಿಂತ ಹೆಚ್ಚಾಗಿ ಡ್ಯಾನ್. ಅವನು ಕಟ್ಟಡ ಕೆಲಸದ ಧಣಿ, ರಾಜಕೀಯದಲ್ಲೂ ಧಣಿ. ಅಭ್ಯರ್ಥಿಗಳನ್ನು ಆರಿಸುವ ಕೂಟದಲ್ಲಿ ಅವನದೂ ಒಂದು ಕುರ್ಚಿಯಿದೆ. ಆದರೆ ಅವನು ನಗುಮುಖದವನು, ಹೆಂಡತಿಯನ್ನು ಪ್ರೀತಿಸುವವನು. ಹಾಗಾಗಿ ಅವನ ಸಿರಿಯ ಬುಡವನ್ನು ಚಿತ್ರ ಹೆಚ್ಚು ಕೆದಕಲು ಹೋಗುವುದಿಲ್ಲ. ನಮ್ಮಲ್ಲೂ ಒಂದು ಮಾತು ಚಾಲ್ತಿಯಲ್ಲಿದೆ: ‘ತಿಂದ, ಆದರೂ ಕೆಲಸ ಮಾಡಿದ.’ ಸೇತುವೆ ಕಟ್ಟಿಸಿದವನ ಬಗ್ಗೆ, ರಸ್ತೆ ಮಾಡಿಸಿದವನ ಬಗ್ಗೆ ಹೀಗೆ ಹೇಳಿ ನಾವು ಲೆಕ್ಕ ಚುಕ್ತಾ ಮಾಡುತ್ತೇವೆ. ಕರ್ಟಿಜ್‌ನ ಚಿತ್ರ ನಿಂತಿರುವುದೂ ಇದೇ ತರ್ಕದ ಮೇಲೆ. ಅಸಹ್ಯವಾದುದನ್ನೆಲ್ಲ ಒಂದು ದೇಹಕ್ಕೆ ತುಂಬಿ ಆ ದೇಹವನ್ನು ಕೊಂದರಾಯಿತು. ಸಹ್ಯವಾದ ಭ್ರಷ್ಟತೆ ನಮ್ಮೊಡನೆ ಸುಖವಾಗಿ ಸಂಸಾರ ಮಾಡಿಕೊಂಡಿರಬಹುದು.

ಈ ತರ್ಕವನ್ನು ಒಪ್ಪದ ಕೃತಿಯೊಂದು ನಮ್ಮ ಪಕ್ಕದಲ್ಲೇ ಇದೆ. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಟ್ಟ ಹತ್ತಿದರೆ ಸಾಗರ ಸೀಮೆ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ನೆಲ. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಶಾಂತವೇರಿ ಗೋಪಾಲಗೌಡರ ಬದುಕಿನ ನೆರಳು ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ (1978) ಕಾದಂಬರಿಯ ಮೇಲಿದೆ. 1987ರಲ್ಲಿ ಕೃಷ್ಣ ಮಾಸಡಿ ಅದನ್ನು ತೆರೆಗೆ ತಂದರು. ಇಲ್ಲಿಯೂ ಮೇಲೇರುವ ಕತೆಯಿದೆ: ದನ ಕಾಯುತ್ತಿದ್ದ ಹುಡುಗ ಕೃಷ್ಣಪ್ಪ ರೈತರ ನಾಯಕನಾಗಿ ಬೆಳೆದು ಅಧಿಕಾರದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಇಲ್ಲಿಯೂ ಒಬ್ಬ ಕಂಟ್ರಾಕ್ಟರ್ ಇದ್ದಾನೆ, ವೀರಣ್ಣ. ಪಾರ್ಶ್ವವಾಯು ಬಡಿದು ಮಲಗಿದ ಕೃಷ್ಣಪ್ಪನಿಗೆ ಅವನು ತೋರಿಸುವ ಕಾಳಜಿಯನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕುವಂತಿಲ್ಲ. ಕೃತಿ ನಮ್ಮನ್ನು ಹೆದರಿಸುವುದೇ ಅಲ್ಲಿ. ಉಪಕಾರವೆಂದು ಬಂದುದನ್ನು ಲಂಚವೆಂದು ಕರೆಯುವ ಬಾಯಿ ಯಾರಿಗಿದೆ? ಬೇಡ ಎನ್ನಬೇಕಿದ್ದ ಗಳಿಗೆ ಯಾವುದಿತ್ತೆಂದು ಹೊಳೆಯುವಷ್ಟರಲ್ಲಿ ಅದು ದಾಟಿಹೋಗಿರುತ್ತದೆ. ಗುಂಡಿಕ್ಕಿ ಮುಗಿಸೋಣವೆಂದರೆ ಇಲ್ಲಿ ಟೈಟಸ್ ಇಲ್ಲ.

ಎರಡೂ ಕಡೆ ಅಲುಗಾಡದ ದೇಹವೊಂದು ನಡುವೆ ಕೂತಿದೆ ಎಂಬುದನ್ನು ಗಮನಿಸಬೇಕು. ಗ್ರೀನ್‌ಸ್ಟ್ರೀಟ್ ಅಲುಗಾಡದೆ ಊರನ್ನೆಲ್ಲ ಕುಣಿಸುತ್ತಾನೆ. ಕೃಷ್ಣಪ್ಪನಾದ ಅನಂತ್‌ನಾಗ್, ಶಿರಾಲಿಯ ಚಿತ್ರಾಪುರ ಮಠದಲ್ಲಿ ಬಾಲ್ಯದ ಕೆಲಕಾಲ ಕಳೆದ ನಮ್ಮ ಕಡೆಯ ನಟ, ಅಲುಗಾಡಲಾಗದೆ ತನ್ನನ್ನೇ ವಿಚಾರಣೆಗೆ ಒಡ್ಡಿಕೊಳ್ಳುತ್ತಾರೆ. ಮೊದಲನೆಯದರಲ್ಲಿ ನೋಡುಗ ನ್ಯಾಯಾಧೀಶ. ಎರಡನೆಯದರಲ್ಲಿ ಅವನೂ ಕಟಕಟೆಯಲ್ಲಿದ್ದಾನೆ.

ಇಷ್ಟಾಗಿ, ‘ಅವಸ್ಥೆ’ಯೇ ಎಲ್ಲದರಲ್ಲೂ ಮೇಲು ಎನ್ನಲಾರೆ. ಮೇಲೇರುವ ಹೆಣ್ಣಿನ ಹಸಿವು, ಹಟ, ಅವಮಾನಗಳನ್ನು ಆ ಅಗ್ಗದ್ದೆನಿಸುವ ಮೆಲೊಡ್ರಾಮ ನಡುಮನೆಗೆ ತಂದು ಕೂರಿಸುತ್ತದೆ. ಜೈಲಿನಿಂದ ಬಂದವಳು ಯಾಕೆ ಆ ಬೀದಿಯ ಮನೆಯನ್ನೇ ಬಯಸಿದಳು ಎಂದು ನಮಗೆ ಬಿಡಿಸಿ ಹೇಳಬೇಕಿಲ್ಲ. ‘ಅವಸ್ಥೆ’ಯ ಗೌರಿ, ಸೀತೆಯರಾದರೋ ಬಹುಮಟ್ಟಿಗೆ ಕೃಷ್ಣಪ್ಪನ ಆತ್ಮಶೋಧನೆಯ ಬೆಳಕಿನಲ್ಲಷ್ಟೇ ಕಾಣುತ್ತಾರೆ. ರಾಜಿಯ ಬೆಲೆಯನ್ನು ಮನೆಯೊಳಗೆ ದಿನವೂ ತೆತ್ತ ಸೀತೆಗೆ ಅವಳದೇ ಒಂದು ಕಾದಂಬರಿ ಬಾಕಿಯಿದೆ.

ಟೈಟಸ್ ಸತ್ತಾಗ ನನಗೂ ಹಾಯೆನಿಸಿತ್ತು, ನಿಜ. ಆದರೆ ಮತ್ತೆ ನೋಡಿದಾಗ ಕಣ್ಣಿಗೆ ಬಿದ್ದದ್ದು ಬೀದಿ. ಶೆರಿಫ್ ಹೋದ, ಫ್ಲೆಮಿಂಗೊ ರೋಡಿನ ಬಂಗಲೆಗಳು ಹಾಗೆಯೇ ಇವೆ. ಅವು ಯಾರ ದುಡ್ಡಿನಲ್ಲಿ ಎದ್ದವು ಎಂದು ಚಿತ್ರದಲ್ಲಿ ಕೇಳುವವರಿಲ್ಲ. ‘ತಿಂದ, ಆದರೂ ಕೆಲಸ ಮಾಡಿದ’ ಎನ್ನುವಾಗ ನಾವೂ ಕೇಳುವುದಿಲ್ಲ.