ಕರ್ನಲ್ ಚಾರ್ಲ್ಸ್ ಯಂಗ್: ಸವಾರಿಯೊಂದೇ ಬದುಕಲ್ಲ

1918ರ ಜೂನ್‌ನಲ್ಲಿ 54 ವರ್ಷದ ಅಶ್ವದಳ ಅಧಿಕಾರಿಯೊಬ್ಬರು ಒಹಾಯೊ ರಾಜ್ಯದ ವಿಲ್ಬರ್‌ಫೋರ್ಸ್‌ನಿಂದ ಕುದುರೆಯೇರಿ ಹೊರಟು, ಸುಮಾರು 500 ಮೈಲಿ ಸಾಗಿ ವಾಷಿಂಗ್ಟನ್ ತಲುಪಿದರು. ಆರೋಗ್ಯ ಸರಿಯಿಲ್ಲವೆಂದು ಹಿಂದಿನ ವರ್ಷವಷ್ಟೇ ಸೇನೆ ಅವರನ್ನು ನಿವೃತ್ತಿಗೊಳಿಸಿತ್ತು. ತಾನಿನ್ನೂ ಗಟ್ಟಿಯಾಗಿದ್ದೇನೆ ಎಂದು ತೋರಿಸಿಕೊಡಲು ಈ ಪ್ರಯಾಣ. ಕರ್ನಲ್ ಚಾರ್ಲ್ಸ್ ಯಂಗ್ ಹೆಸರು ಬಂದಲ್ಲೆಲ್ಲ ಈ ಕತೆಯೂ ಬರುತ್ತದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಇದನ್ನು ಬರೀ ಸಾಹಸಗಾಥೆಯಾಗಿ ಹೇಳುತ್ತ ಹೋದರೆ ಅವರ ಉಳಿದ ಬದುಕು ಮರೆಯಾಗುತ್ತದೆ, ಅವರನ್ನು ಹೊರದಬ್ಬಿದವರು ಸುಲಭವಾಗಿ ಪಾರಾಗುತ್ತಾರೆ.

ಯಂಗ್ ಹುಟ್ಟಿದ್ದು 1864ರಲ್ಲಿ, ಕೆಂಟಕಿಯ ಗುಲಾಮ ದಂಪತಿಯ ಮಗನಾಗಿ. ತಂದೆ ಗೇಬ್ರಿಯಲ್ ತಪ್ಪಿಸಿಕೊಂಡು ಹೋಗಿ, ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರ ಸೇನೆ ಸೇರಿದರು. ಮಗ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿ ಸೇರಿ, ಗಣಿತದಲ್ಲಿ ಸೋತು ಮೊದಲ ವರ್ಷವನ್ನು ಮತ್ತೆ ಓದಿ, ಬಿಳಿಯ ಸಹಪಾಠಿಗಳ ಬಹಿಷ್ಕಾರವನ್ನು ಸಹಿಸಿ, 1889ರಲ್ಲಿ ತರಗತಿಯ ಕೊನೆಯವರಾಗಿ ಹೊರಬಂದರು. ಅಲ್ಲಿಂದ ಪದವಿ ಪಡೆದ ಮೂರನೆಯ ಕರಿಯ ಅವರು. ನಾಲ್ಕನೆಯವರು ಬಂದದ್ದು 47 ವರ್ಷಗಳ ನಂತರ, 1936ರಲ್ಲಿ: ಬೆಂಜಮಿನ್ ಡೇವಿಸ್ ಜೂನಿಯರ್. ಅವರ ತಂದೆ ಡೇವಿಸ್ ಸೀನಿಯರ್ ಯೂಟಾದ ಫೋರ್ಟ್ ಡುಶೇನ್‌ನಲ್ಲಿ ಸಾಮಾನ್ಯ ಸೈನಿಕನಾಗಿದ್ದಾಗ, ಅಧಿಕಾರಿ ಹುದ್ದೆಯ ಪರೀಕ್ಷೆಗೆ ಹುರಿದುಂಬಿಸಿ ಪಾಠ ಹೇಳಿಕೊಟ್ಟವರು ಯಂಗ್. ಅದೇ ಡೇವಿಸ್ ಸೀನಿಯರ್ 1940ರಲ್ಲಿ ಅಮೆರಿಕದ ಸೇನೆಯ ಮೊದಲ ಕರಿಯ ಜನರಲ್ ಆದರು. ಗಣಿತದಲ್ಲಿ ಸೋತಿದ್ದ ಮನುಷ್ಯ ಮತ್ತೊಬ್ಬನನ್ನು ಪರೀಕ್ಷೆಗೆ ತಯಾರು ಮಾಡಿದ್ದು ನನಗೆ ಆ 500 ಮೈಲಿಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

1903ರ ಬೇಸಿಗೆ ಇನ್ನೊಂದು ಅಧ್ಯಾಯ. ಕೆಲವು ರಾಷ್ಟ್ರೀಯ ಉದ್ಯಾನಗಳನ್ನು ಆಗ ಸೇನೆಯೇ ನೋಡಿಕೊಳ್ಳುತ್ತಿತ್ತು. ಕ್ಯಾಪ್ಟನ್ ಯಂಗ್ ಒಂಬತ್ತನೇ ಅಶ್ವದಳದ ಸೈನಿಕರೊಂದಿಗೆ ಕ್ಯಾಲಿಫೋರ್ನಿಯಾದ ಸೆಕೋಯಾ ಉದ್ಯಾನದ ಮೇಲ್ವಿಚಾರಕರಾಗಿ ಹೋದರು. ವರ್ಷಗಳಿಂದ ತೆವಳುತ್ತಿದ್ದ ರಸ್ತೆ ಕೆಲಸ ಆ ಒಂದೇ ಬೇಸಿಗೆಯಲ್ಲಿ ಮುಗಿದು, ದೈತ್ಯ ಮರಗಳ ಕಾಡಿಗೆ ಮೊದಲ ಬಾರಿ ಬಂಡಿಗಳು ಹೋಗುವಂತಾಯಿತು. ಅಲ್ಲಿನ ಒಂದು ಮರಕ್ಕೆ ಕರಿಯ ಶಿಕ್ಷಣತಜ್ಞ ಬೂಕರ್ ಟಿ. ವಾಷಿಂಗ್ಟನ್ ಹೆಸರಿಟ್ಟರು. ಯಂಗ್ ಹೆಸರಿನ ಮರಕ್ಕೆ 2004ರವರೆಗೆ ಕಾಯಬೇಕಾಯಿತು.

ಮೆಚ್ಚುಗೆಯ ನಡುವೆ ಕೇಳಲೇಬೇಕಾದ ಪ್ರಶ್ನೆಯೂ ಇದೆ. ಫಿಲಿಪ್ಪೀನ್ಸ್‌ನಲ್ಲಿ ಅಮೆರಿಕ ನಡೆಸಿದ ಆಕ್ರಮಣದ ಯುದ್ಧದಲ್ಲಿ ಯಂಗ್ ದಳ ನಡೆಸಿದರು. 1912ರಿಂದ ಲೈಬೀರಿಯಾದಲ್ಲಿ ಸೇನಾ ಪ್ರತಿನಿಧಿಯಾಗಿ ಅಲ್ಲಿನ ಗಡಿ ಪಡೆಯನ್ನು ಕಟ್ಟಿದರು. ಆ ಪಡೆ ಇದ್ದದ್ದು ಅಮೆರಿಕದಿಂದ ಹೋಗಿ ನೆಲೆಸಿದವರ ಸರಕಾರ ಒಳನಾಡಿನ ಮೂಲನಿವಾಸಿಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವುದಕ್ಕೆ. ಗುಲಾಮಗಿರಿಯಿಂದ ಬಂದವರು ಇನ್ನೊಬ್ಬರ ನೆಲದಲ್ಲಿ ಬಂದೂಕು ಹಿಡಿದದ್ದು ಹೇಗೆ? ಸೈನಿಕನಾಗಿ ಯೋಗ್ಯತೆ ತೋರಿಸಿದರೆ ಪೌರನಾಗಿ ಹಕ್ಕು ಸಿಗುತ್ತದೆ ಎಂಬ ನಂಬಿಕೆ ಅವರನ್ನು ನಡೆಸಿತು. ಆ ನಂಬಿಕೆಯ ಬೆಲೆಯನ್ನು ಫಿಲಿಪ್ಪೀನ್ಸ್ ಮತ್ತು ಲೈಬೀರಿಯಾದ ಜನರೂ ತೆತ್ತರು. ಯಂಗ್ ಅವರನ್ನು ಗೌರವಿಸುವವರು ಇದನ್ನು ಮುಚ್ಚಿಡಬಾರದು.

ಅವರು ನಂಬಿದ್ದ ಸೇನೆ ಮಾತ್ರ ಆ ನಂಬಿಕೆ ಉಳಿಸಿಕೊಳ್ಳಲಿಲ್ಲ. 1916ರಲ್ಲಿ ಮೆಕ್ಸಿಕೊದಲ್ಲಿ ಹತ್ತನೇ ಅಶ್ವದಳದೊಂದಿಗೆ ಹೋರಾಡಿ ಅವರು ಲೆಫ್ಟಿನೆಂಟ್ ಕರ್ನಲ್ ಆದರು. ಮರುವರ್ಷ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು; ಯಂಗ್ ಜನರಲ್ ಆಗುವ ಕಾಲ ಹತ್ತಿರವಾಯಿತು. ಆಗ ಮಿಸಿಸಿಪ್ಪಿಯ ಬಿಳಿಯ ಲೆಫ್ಟಿನೆಂಟ್ ಒಬ್ಬ, ಕರಿಯನ ಕೈಕೆಳಗೆ ಇರಲಾರೆ ಎಂದು ದೂರಿದ. ಸೆನೆಟರ್ ಜಾನ್ ಶಾರ್ಪ್ ವಿಲಿಯಮ್ಸ್ ಅದನ್ನು ಅಧ್ಯಕ್ಷ ವುಡ್ರೊ ವಿಲ್ಸನ್ ಕಿವಿಗೆ ಮುಟ್ಟಿಸಿದರು. ಅದೇ ಬೇಸಿಗೆಯಲ್ಲಿ ಯಂಗ್ ಅವರನ್ನು ಕರ್ನಲ್ ಮಾಡಿ ಮನೆಗೆ ಕಳಿಸಲಾಯಿತು.

ಅವರಿಗೆ ಅಧಿಕ ರಕ್ತದೊತ್ತಡ ಇದ್ದದ್ದು ಸುಳ್ಳಲ್ಲ. ಆದರೆ ಆರೋಗ್ಯವೇ ಕಾರಣ ಎಂಬ ಮಾತನ್ನು ಸೇನೆಯ ಮುಂದಿನ ನಡೆಯೇ ಸುಳ್ಳು ಮಾಡುತ್ತದೆ. ಯುದ್ಧ ಮುಗಿಯಲು ಐದು ದಿನ ಇರುವಾಗ, 1918ರ ನವೆಂಬರ್ 6ರಂದು, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ಆಮೇಲೆ, ಹಿಂದೊಮ್ಮೆ ಜ್ವರದಿಂದ ಸಾವಿನ ಅಂಚಿಗೆ ಹೋಗಿ ಬಂದಿದ್ದ ಲೈಬೀರಿಯಾಕ್ಕೇ ಮತ್ತೆ ಕಳಿಸಿದರು. ಫ್ರಾನ್ಸಿನ ರಣರಂಗದಲ್ಲಿ ಬಿಳಿಯರಿಗೆ ಆಜ್ಞೆ ಕೊಡಲು ಆಗದ ದೇಹ ಪಶ್ಚಿಮ ಆಫ್ರಿಕಾದ ಹವೆಗೆ ಮಾತ್ರ ಸಾಕಾಯಿತೇ? 1922ರ ಜನವರಿ 8ರಂದು, ನೈಜೀರಿಯಾದ ಲಾಗೋಸ್‌ನಲ್ಲಿ, ಮೂತ್ರಪಿಂಡದ ಕಾಯಿಲೆಯಿಂದ ಅವರು ತೀರಿಕೊಂಡರು.

ಹೀಗೆ ನೋಡಿದರೆ ಆ ಸವಾರಿ ಗೆಲುವಿನ ಕತೆಯಲ್ಲ. ಮೂರು ದಶಕ ಸೇವೆ ಸಲ್ಲಿಸಿದ ಅಧಿಕಾರಿ ತನ್ನ ಮೈಯನ್ನೇ ಸಾಕ್ಷಿಯಾಗಿ ಒಯ್ದು ತೋರಿಸಬೇಕಾಯಿತಲ್ಲ, ಆ ಅವಮಾನವನ್ನು ಸಾಹಸವೆಂದು ಕೊಂಡಾಡುವುದು ಸೇನೆಗೆ ಅನುಕೂಲ. 2022ರಲ್ಲಿ ಅದೇ ಸೇನೆ ಯಂಗ್ ಅವರಿಗೆ ಮರಣೋತ್ತರವಾಗಿ ಬ್ರಿಗೇಡಿಯರ್ ಜನರಲ್ ಪದವಿ ಕೊಟ್ಟಿತು. 1917ರಲ್ಲಿಯೇ ಕೊಡಬೇಕಾಗಿದ್ದ ಪದವಿ ಅದು.