ಕಥನ ಗದ್ಯವೂ ಯಂತ್ರದ ಅಳತೆಗೋಲೂ

ಇಂಗ್ಲಿಷಿನಲ್ಲಿ ಕಥೆ ಕಾದಂಬರಿಗಳನ್ನು ಬರೆಯುವ ತರುಣರು ತಮ್ಮ ಕರಡನ್ನು ತಿದ್ದಿಕೊಳ್ಳಲು ಈಚಿನ ವರ್ಷಗಳಲ್ಲಿ ಅಂತರ್ಜಾಲದ ಉಚಿತ ಸಾಧನಗಳನ್ನು ಆಶ್ರಯಿಸುತ್ತಿರುವುದು ಕಾಲೇಜುಗಳಲ್ಲಿ ಪಾಠ ಹೇಳುವವರೆಲ್ಲರಿಗೂ ತಿಳಿದ ವಿಷಯವಾಗಿದೆ. ಗ್ರಾಮರ್ಲಿ, ಪ್ರೊರೈಟಿಂಗ್‌ಏಡ್, ಲ್ಯಾಂಗ್ವೇಜ್‌ಟೂಲ್, ಹೆಮಿಂಗ್ವೇ ಎಡಿಟರ್ ಮೊದಲಾದವು ಇವುಗಳಲ್ಲಿ ಪ್ರಸಿದ್ಧವಾದವು. ಇವುಗಳಿಂದ ಪ್ರಯೋಜನವುಂಟೆ ಎಂದು ಕೇಳಿದರೆ, ಉಂಟೆಂದು ಮೊದಲೇ ಒಪ್ಪಿಬಿಡುತ್ತೇವೆ. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಬೇರೊಂದು ಪ್ರಶ್ನೆಯನ್ನು. ಈ ಸಾಧನಗಳು ಗದ್ಯವನ್ನು ಅಳೆಯುವ ಅಳತೆಗೋಲು ಎಲ್ಲಿ ಹುಟ್ಟಿತು, ಯಾರಿಗಾಗಿ ಹುಟ್ಟಿತು, ಕಥನಕ್ಕೆ ಅದು ಎಷ್ಟರಮಟ್ಟಿಗೆ ಸಲ್ಲುತ್ತದೆ? ಇತಿಹಾಸದ ಅಭ್ಯಾಸಿಗಳು ಸಾಹಿತ್ಯವಿಮರ್ಶೆಯ ಎಲ್ಲೆಯನ್ನು ದಾಟುತ್ತಿರುವರೆಂದು ಯಾರಾದರೂ ಆಕ್ಷೇಪಿಸಿದರೆ, ಪ್ರತಿಯೊಂದು ಅಳತೆಗೂ ಒಂದು ಚರಿತ್ರೆಯುಂಟೆಂಬುದೇ ನಮ್ಮ ಸಮಾಧಾನ.

1

ಉದಾಹರಣೆಗೆ ಹೆಮಿಂಗ್ವೇ ಎಡಿಟರನ್ನು ತೆಗೆದುಕೊಳ್ಳೋಣ. ಆಡಮ್ ಲಾಂಗ್ ಮತ್ತು ಬೆನ್ ಲಾಂಗ್ ಎಂಬ ಸಹೋದರರು ಇದನ್ನು 2013ರಲ್ಲಿ ಹೊರತಂದರು. ಬರಹವನ್ನು ಇದರ ಪುಟದಲ್ಲಿ ತಂದಿಟ್ಟೊಡನೆ ವಾಕ್ಯಗಳು ಬಣ್ಣ ತಾಳುತ್ತವೆ. ಕ್ಲಿಷ್ಟವೆಂದು ಕಂಡ ವಾಕ್ಯಕ್ಕೆ ಹಳದಿ, ಅತಿ ಕ್ಲಿಷ್ಟವಾದುದಕ್ಕೆ ಕೆಂಪು. ಕ್ರಿಯಾವಿಶೇಷಣಗಳಿಗೂ ಕರ್ಮಣಿ ಪ್ರಯೋಗಕ್ಕೂ ಬೇರೆ ಗುರುತುಗಳು. ಈ ಬರಹ ಅಮೆರಿಕದ ಎಷ್ಟನೆಯ ತರಗತಿಯ ವಿದ್ಯಾರ್ಥಿಗೆ ತಿಳಿಯುವುದೆಂಬ ಅಂಕಿಯೊಂದು ಪಕ್ಕದಲ್ಲಿ ಮೂಡುತ್ತದೆ. ಅಂಕಿ ಇಳಿದಷ್ಟೂ ಸಾಧನಕ್ಕೆ ಸಂತೋಷ.

ಈ ಅಂಕಿಯ ಹಿಂದಿರುವ ಸೂತ್ರ 1967ರಲ್ಲಿ ಅಮೆರಿಕದ ವಾಯುಪಡೆಗಾಗಿ ಸೆಂಟರ್ ಮತ್ತು ಸ್ಮಿತ್ ಎಂಬ ಸಂಶೋಧಕರು ರೂಪಿಸಿದುದು. ವಿದ್ಯುಚ್ಚಾಲಿತ ಬೆರಳಚ್ಚು ಯಂತ್ರಕ್ಕೆ ಎಣಿಕೆಯ ಉಪಕರಣವನ್ನು ಜೋಡಿಸಿ, ಅಚ್ಚಾಗುತ್ತಿರುವಾಗಲೇ ಬರಹದ ಕ್ಲಿಷ್ಟತೆಯನ್ನು ಕಂಡುಕೊಳ್ಳುವುದು ಅವರ ಉದ್ದೇಶವಾಗಿತ್ತು. ಯಂತ್ರವು ಅಕ್ಷರಗಳನ್ನೂ ಪದಗಳನ್ನೂ ವಾಕ್ಯಗಳನ್ನೂ ಎಣಿಸಬಲ್ಲುದಾದ್ದರಿಂದ ಸೂತ್ರವೂ ಅಷ್ಟಕ್ಕೇ ನಿಂತಿತು. ಪದವೊಂದಕ್ಕೆ ಸರಾಸರಿ ಎಷ್ಟು ಅಕ್ಷರವೋ ಅದನ್ನು 4.71ರಿಂದ ಗುಣಿಸಿ, ವಾಕ್ಯವೊಂದಕ್ಕೆ ಸರಾಸರಿ ಎಷ್ಟು ಪದವೋ ಅದರ ಅರ್ಧವನ್ನು ಕೂಡಿಸಿ, ಬಂದ ಮೊತ್ತದಿಂದ 21.43ನ್ನು ಕಳೆದರೆ ತರಗತಿಯ ಅಂಕಿ ದೊರೆಯುತ್ತದೆ.

ಇದಕ್ಕಿಂತ ಹಿಂದಿನದು ರುಡಾಲ್ಫ್ ಫ್ಲೆಶ್ 1948ರಲ್ಲಿ ಪ್ರಕಟಿಸಿದ ಸೂತ್ರ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ ಈ ವಿದ್ವಾಂಸನು ತನ್ನ ಲೆಕ್ಕಾಚಾರಕ್ಕೆ ಆಧಾರವಾಗಿ ಬಳಸಿದುದು ಮೆಕಾಲ್ ಮತ್ತು ಕ್ರ್ಯಾಬ್ಸ್ ಸಿದ್ಧಪಡಿಸಿದ ಶಾಲಾ ವಾಚನ ಪಾಠಗಳನ್ನು. ಮಕ್ಕಳು ಪಾಠವನ್ನೋದಿ ಪ್ರಶ್ನೆಗಳಿಗೆ ಎಷ್ಟು ಸರಿಯಾದ ಉತ್ತರ ಕೊಟ್ಟರು ಎಂಬುದೇ ಅಲ್ಲಿ ಸುಗಮತೆಯ ಪ್ರಮಾಣ. 1975ರಲ್ಲಿ ಕಿನ್ಕೇಡ್ ಮೊದಲಾದವರು ಅಮೆರಿಕದ ನೌಕಾಪಡೆಗಾಗಿ ಈ ಸೂತ್ರವನ್ನು ಪರಿಷ್ಕರಿಸಿದರು. ಯಂತ್ರವನ್ನು ದುರಸ್ತಿ ಮಾಡುವ ನಾವಿಕನು ಕೈಪಿಡಿಯನ್ನು ತಪ್ಪಾಗಿ ತಿಳಿದರೆ ಅನಾಹುತವಾದೀತು. ಆದುದರಿಂದ ಕೈಪಿಡಿಯ ವಾಕ್ಯ ಚಿಕ್ಕದಾಗಿರಬೇಕೆಂಬುದು ಸಮಂಜಸವಾದ ಅಪೇಕ್ಷೆಯೇ. ಹೀಗೆ ಶಾಲೆಯ ಕೊಠಡಿಯಲ್ಲಿಯೂ ಸೈನ್ಯದ ಕೈಪಿಡಿಯಲ್ಲಿಯೂ ನ್ಯಾಯವಾಗಿ ಬೆಳೆದ ಅಳತೆಗೋಲು, ತನ್ನ ಹುಟ್ಟನ್ನು ಯಾರಿಗೂ ತಿಳಿಸದೆ, ಇಂದು ಕಥೆಗಾರನ ಮೇಜಿನ ಮೇಲೆ ಬಂದು ಕುಳಿತಿದೆ.

2

ಈ ಅಳತೆ ಕಥನದಲ್ಲಿ ಹೇಗೆ ವರ್ತಿಸುವುದೆಂಬುದನ್ನು ಲೆಕ್ಕದಿಂದಲೇ ತೋರಿಸಬಹುದು. ಪದವೊಂದಕ್ಕೆ ಸರಾಸರಿ ನಾಲ್ಕು ಅಕ್ಷರಗಳಿರುವ, ಮಗುವಿಗೂ ತಿಳಿಯುವ ಇಂಗ್ಲಿಷ್ ಪದಗಳನ್ನು ಹತ್ತು ಹತ್ತರಂತೆ ವಾಕ್ಯಗಳಾಗಿ ಬರೆದರೆ ಸೂತ್ರವು 2.41 ಎನ್ನುತ್ತದೆ. ಅಂಥವೇ ಪದಗಳನ್ನು ‘ಆಂಡ್’ ಎಂಬ ಅವ್ಯಯದಿಂದ ಹೆಣೆದು ನಲವತ್ತು ಪದಗಳ ವಾಕ್ಯಗಳಾಗಿಸಿದರೆ 17.41 ಎನ್ನುತ್ತದೆ. ಎರಡನೆಯ ತರಗತಿಯ ಮಾತು ಒಂದೇ ನೆಗೆತಕ್ಕೆ ಸ್ನಾತಕೋತ್ತರ ತರಗತಿಯನ್ನು ಮುಟ್ಟಿತು! ಅರ್ಥದಲ್ಲಿ ಕ್ಲಿಷ್ಟತೆ ಎಳ್ಳಷ್ಟೂ ಹೆಚ್ಚಿಲ್ಲ. ಹೇಳುವವರ ಉಸಿರು ಮಾತ್ರ ದೀರ್ಘವಾಗಿದೆ.

ಉಸಿರು ದೀರ್ಘವಾಗಿರುವುದೇ ಕೃತಿಯ ಪ್ರಾಣವಾಗಿರುವ ಕಾದಂಬರಿಯೊಂದು ನಮ್ಮ ನಾಡಿನ ನೆಲದಿಂದಲೇ ಬಂದಿದೆ. ಹಾಸನದಲ್ಲಿ ಜನಿಸಿದ ರಾಜಾರಾವ್ ಅವರ ‘ಕಾಂತಾಪುರ’ 1938ರಲ್ಲಿ ಪ್ರಕಟವಾಯಿತು. ಗಾಂಧೀಜಿಯವರ ಚಳವಳಿಯು ಒಂದು ಮಲೆನಾಡಿನ ಹಳ್ಳಿಗೆ ಬಂದ ಬಗೆಯನ್ನು ಅಲ್ಲಿ ಹೇಳುವವಳು ಅಚ್ಚಕ್ಕನೆಂಬ ಮುದುಕಿ. ಆಕೆಯ ಮಾತು ‘ಆಂಡ್’ ಎಂಬುದನ್ನೇ ಹಿಡಿದು ಸಾಲುಗಟ್ಟಲೆ ಹರಿಯುತ್ತದೆ. ಇದು ಅನವಧಾನದಿಂದ ಆದುದಲ್ಲ. ಭಾರತೀಯ ಜೀವನದ ಗತಿ ಇಂಗ್ಲಿಷಿನ ಹೇಳಿಕೆಯೊಳಗೂ ಸೇರಬೇಕೆಂದೂ, ಪುರಾಣ ಹೇಳುವ ನಮ್ಮ ಜನದ ಕಥೆ ಎಡೆಬಿಡದೆ ಸಾಗುವುದೆಂದೂ ಲೇಖಕರು ಮುನ್ನುಡಿಯಲ್ಲಿ ವಿವರಿಸಿದ್ದಾರೆ. ಈ ಗದ್ಯವನ್ನು ಮೇಲಿನ ಸೂತ್ರಕ್ಕೊಪ್ಪಿಸಿದರೆ ಪುಟವೆಲ್ಲ ಕೆಂಪಾಗದೆ ಇರದು. ಕೆಂಪನ್ನು ಅಳಿಸಲೆಂದು ವಾಕ್ಯಗಳನ್ನು ತುಂಡರಿಸಿದರೆ ಉಳಿಯುವುದು ಸಂಗತಿಗಳ ಪಟ್ಟಿ, ಅಚ್ಚಕ್ಕ ಉಳಿಯುವುದಿಲ್ಲ. ಇತಿಹಾಸದ ದೃಷ್ಟಿಯಿಂದಲೂ ಇದು ಅಲ್ಪವಾದ ನಷ್ಟವಲ್ಲ. ರಾಜಕೀಯ ಚಳವಳಿಯೊಂದನ್ನು ಹಳ್ಳಿಯ ಜನ ಹರಿಕಥೆಯ ರೂಪದಲ್ಲಿ ಗ್ರಹಿಸಿದರೆಂಬ ಅಂಶವು ಆ ಕಾದಂಬರಿಯಲ್ಲಿ ಕಥಾವಸ್ತುವಿನಿಂದ ತಿಳಿಯುವಷ್ಟೇ ವಾಕ್ಯದ ನಡಿಗೆಯಿಂದಲೂ ತಿಳಿಯುತ್ತದೆ.

ಕರ್ಮಣಿ ಪ್ರಯೋಗದ ಮೇಲಿನ ಆಕ್ಷೇಪವನ್ನೂ ಹೀಗೆಯೇ ಪರೀಕ್ಷಿಸಬಹುದು. ಮಾಡಿದವನ ಹೆಸರನ್ನು ಮರೆಸುವ ಈ ಪ್ರಯೋಗ ಸರಕಾರಿ ವರದಿಗಳಲ್ಲಿ ಹೊಣೆಯನ್ನು ತಪ್ಪಿಸಿಕೊಳ್ಳುವ ಉಪಾಯವಾಗಿರುವುದುಂಟು. ಅಲ್ಲಿ ಅದನ್ನು ತಿದ್ದುವುದೇ ಸರಿ. ಆದರೆ 1925ರಲ್ಲಿ ಪ್ರಕಟವಾದ ಕಾಫ್ಕಾನ ‘ದಿ ಟ್ರಯಲ್’ ಕಾದಂಬರಿಯನ್ನು ನೋಡಿರಿ. ನಾಯಕನು ಬಂಧಿತನಾದ ಸಂಗತಿ ಅದರ ಮೊದಲನೆಯ ವಾಕ್ಯದಲ್ಲಿಯೇ, ಮೂಲ ಜರ್ಮನ್ ಭಾಷೆಯಲ್ಲಿ, ಕರ್ಮಣಿಯಲ್ಲಿ ಬರುತ್ತದೆ. ಯಾವ ಅಧಿಕಾರ ಬಂಧಿಸಿತು, ಯಾವ ಅಪರಾಧಕ್ಕಾಗಿ ಎಂಬುದು ಅವನಿಗೆ ಕೊನೆಯವರೆಗೂ ತಿಳಿಯದು. ಆ ವಾಕ್ಯವನ್ನು ಕರ್ತರಿಗೆ ತಿರುಗಿಸಬೇಕಾದರೆ ಕರ್ತೃವೊಬ್ಬನನ್ನು ಹುಡುಕಿ ತರಬೇಕು. ತಂದರೆ ಕಾದಂಬರಿಯ ಬುಡವೇ ಅಲುಗುತ್ತದೆ.

ವ್ಯಾಕರಣದ ವಿಷಯದಲ್ಲಿ ಮಾರ್ಕ್ ಟ್ವೈನನ ‘ಹಕಲ್ಬರಿ ಫಿನ್’ ಒಂದನ್ನೇ ನೆನೆದರೆ ಸಾಕು. 1884ರಲ್ಲಿ ಮೊದಲು ಪ್ರಕಟವಾದ ಆ ಕಾದಂಬರಿಯ ಆರಂಭದಲ್ಲಿ, ತಾನು ಹಲವು ಪ್ರಾಂತ್ಯಭಾಷೆಗಳನ್ನು ಶ್ರಮವಹಿಸಿ ಬಳಸಿರುವುದಾಗಿ ಲೇಖಕನು ತಿಳಿಸುತ್ತಾನೆ. ಓದುಬರಹ ಅಷ್ಟಕ್ಕಷ್ಟೆ ಕಲಿತ ಹುಡುಗನ ಬಾಯಲ್ಲಿ ಶುದ್ಧ ವ್ಯಾಕರಣವನ್ನಿಟ್ಟರೆ ಅದೇ ದೊಡ್ಡ ಅಶುದ್ಧಿಯಾಗುತ್ತದೆ.

3

ಇಷ್ಟಾಗಿ, ಸಾಧನಕ್ಕೆ ಯಾರ ಹೆಸರನ್ನಿಟ್ಟಿದೆಯೋ ಆ ಲೇಖಕನು ಹೇಗೆ ತಿದ್ದುತ್ತಿದ್ದನೆಂಬುದನ್ನು ನೋಡುವುದು ಉಚಿತ. ಹೆಮಿಂಗ್ವೇ 1917ರಲ್ಲಿ ಕಾನ್ಸಾಸ್ ನಗರದ ‘ಸ್ಟಾರ್’ ಪತ್ರಿಕೆಯಲ್ಲಿ ವರದಿಗಾರನಾಗಿದ್ದಾಗ ಚಿಕ್ಕ ವಾಕ್ಯಗಳ ಶಿಸ್ತನ್ನು ಕಲಿತನೆಂಬುದು ನಿಜ. ಆದರೆ 1935ರ ‘ಗ್ರೀನ್ ಹಿಲ್ಸ್ ಆಫ್ ಆಫ್ರಿಕಾ’ ಗ್ರಂಥದಲ್ಲಿ 400ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯವನ್ನು ಬರೆದವನೂ ಅವನೇ. ಹೊಸ ಸಾಧನದ ಮುಂದೆ ಆ ವಾಕ್ಯ ತೇರ್ಗಡೆಯಾಗುವ ಸಂಭವವಿಲ್ಲ.

ಇನ್ನೂ ಗಮನಾರ್ಹವಾದುದು 1929ರಲ್ಲಿ ಪ್ರಕಟವಾದ ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯ ಪುಟದ ಚರಿತ್ರೆ. ಆ ಪುಟವನ್ನು 39 ಸಲ ಬರೆದುದಾಗಿ ಅವನು 1958ರಲ್ಲಿ ಪ್ರಕಟವಾದ ಸಂದರ್ಶನವೊಂದರಲ್ಲಿ ಹೇಳಿದನು. ಬಾಸ್ಟನ್ನಿನ ಕೆನೆಡಿ ಗ್ರಂಥಾಲಯದಲ್ಲಿರುವ ಹಸ್ತಪ್ರತಿಗಳ ಆಧಾರದ ಮೇಲೆ 2012ರ ಮುದ್ರಣದಲ್ಲಿ 47 ಮುಕ್ತಾಯಗಳನ್ನು ಅನುಬಂಧವಾಗಿ ಕೊಡಲಾಯಿತು. ಅವುಗಳಲ್ಲಿ ಕೆಲವು ಒಂದೆರಡು ವಾಕ್ಯ, ಕೆಲವು ದೀರ್ಘ. ಮೃತ್ಯುವನ್ನು ಕಂಡವನು ಎಷ್ಟು ಹೇಳಬಲ್ಲನು, ಎಲ್ಲಿ ಮಾತು ನಿಲ್ಲಬೇಕು ಎಂಬುದನ್ನು ಹುಡುಕುತ್ತಿದ್ದವನ ಶೋಧನೆ ಅದು. ಸಂಕ್ಷಿಪ್ತತೆ ಅವನಿಗೆ ಶೋಧನೆಯ ಕೊನೆಯಲ್ಲಿ ದೊರೆತ ಫಲ. ಸಾಧನವು ಅದನ್ನು ಮೊದಲನೆಯ ವಿಧಿಯಾಗಿ ಕೊಡುತ್ತದೆ.

ಇಲ್ಲಿ ಇತಿಹಾಸಕಾರನಿಗೆ ಮತ್ತೊಂದು ಚಿಂತೆಯೂ ಉಂಟು. ಹೆಮಿಂಗ್ವೇ ಬಿಟ್ಟುಕೊಟ್ಟ ವಾಕ್ಯಗಳು ಕಾಗದದ ಮೇಲೆ ಉಳಿದವು. ಬಣ್ಣ ಕಂಡೊಡನೆ ತೆರೆಯ ಮೇಲೆಯೇ ತಿದ್ದಿ ಮುಂದುವರಿಯುವವನ ಮೊದಲನೆಯ ಪಾಠ, ಅವನು ಬೇರೆ ಪ್ರತಿಯನ್ನು ಇಟ್ಟುಕೊಳ್ಳದಿದ್ದರೆ, ನಿಶ್ಶೇಷವಾಗಿ ಅಳಿಯುತ್ತದೆ. ಶಾಸನಗಳನ್ನು ಪ್ರಕಟಿಸುವ ವಿದ್ವಾಂಸರು ಕಲ್ಲಿನ ಮೇಲಿನ ತಪ್ಪನ್ನು ಮೂಲದಲ್ಲಿ ಇದ್ದಂತೆಯೇ ಅಚ್ಚುಮಾಡಿ, ಸರಿಯಾದ ರೂಪವನ್ನು ಅಡಿಟಿಪ್ಪಣಿಯಲ್ಲಿ ಸೂಚಿಸುವ ಪದ್ಧತಿಯುಂಟು. ತಪ್ಪೆಂದು ಕಂಡುದು ಆ ಕಾಲದ ಉಚ್ಚಾರಣೆಗೆ ಸಾಕ್ಷಿಯಾಗಿರಬಹುದೆಂಬ ವಿವೇಕ ಇದರ ಹಿಂದಿದೆ. ಕಥೆಗಾರನೂ ತನ್ನ ಕರಡಿನ ವಿಷಯದಲ್ಲಿ ಈ ವಿವೇಕವನ್ನು ತೋರಿಸಬೇಕು.

4

ಹಾಗಾದರೆ ಈ ಸಾಧನಗಳನ್ನು ದೂರವಿಡಬೇಕೆ? ಹಾಗೆನ್ನುವುದು ಅತಿರೇಕ. ಬಿಟ್ಟುಹೋದ ಪದ, ಎರಡು ಸಲ ಬಂದ ಪದ, ಮುಚ್ಚದ ಉದ್ಧರಣಚಿಹ್ನೆ, ಅಕ್ಷರದೋಷ ಇವನ್ನೆಲ್ಲ ಇವು ದಣಿಯದೆ ಹುಡುಕುತ್ತವೆ. ಇಂಗ್ಲಿಷಿನ ‘ಎ’, ‘ದಿ’ಗಳಂಥ ಪದಗಳು ನಮ್ಮ ಭಾಷೆಯಲ್ಲಿಲ್ಲವಾದ್ದರಿಂದ ನಮ್ಮ ವಿದ್ಯಾರ್ಥಿಗಳು ಅವುಗಳಲ್ಲಿ ಎಡವುವುದು ಸಹಜ, ಅಲ್ಲಿ ಇವುಗಳ ಸಹಾಯ ದೊಡ್ಡದು. ಹಣ ಕೊಟ್ಟು ಸಂಪಾದಕರನ್ನು ನೇಮಿಸಿಕೊಳ್ಳಲಾರದ ಬಡ ಲೇಖಕನಿಗೆ ಇಷ್ಟು ದೊರೆತುದೂ ಭಾಗ್ಯವೇ. ಕರಡಚ್ಚು ತಿದ್ದುವವನ ಕೆಲಸಕ್ಕೆ ಇವು ಸಮರ್ಥವಾಗಿವೆ. ವಿಮರ್ಶಕನ ಪೀಠಕ್ಕೆ ಇವನ್ನು ಏರಿಸಿದಾಗಲೇ ಕೆಡಕು.

ಕನ್ನಡದಲ್ಲಿ ಕಥೆ ಬರೆಯುವವರಿಗೂ ಇಲ್ಲಿ ಒಂದು ಎಚ್ಚರಿಕೆಯುಂಟು. ಈ ಸೂತ್ರಗಳನ್ನೇ ನಮ್ಮ ಭಾಷೆಗೆ ತಂದರೆ ಅವು ಮೊದಲ ಹೆಜ್ಜೆಯಲ್ಲಿಯೇ ಮುಗ್ಗರಿಸುವುವು. ‘ಮನೆಯಲ್ಲಿದ್ದವರಿಗೂ’ ಎಂಬ ಒಂದು ಪದದಲ್ಲಿ ನಾವು ಅಡಗಿಸುವುದನ್ನು ಹೇಳಲು ಇಂಗ್ಲಿಷಿಗೆ ಹಲವು ಪದಗಳು ಬೇಕು. ‘ಎದ್ದು, ಮುಖ ತೊಳೆದು, ಕಾಫಿ ಕುಡಿದು, ಹೊರಟನು’ ಎಂದು ಕೃದಂತಗಳನ್ನು ಪೋಣಿಸುವುದು ನಮಗೆ ಸಹಜವಾದ ನಡೆ. ದೀರ್ಘ ಪದವೂ ದೀರ್ಘ ವಾಕ್ಯವೂ ಕ್ಲಿಷ್ಟತೆಯ ಲಕ್ಷಣವೆಂದು ಹಿಡಿದ ಅಳತೆಗೆ ಕನ್ನಡದ ಸರಳವಾದ ಮಾತೇ ಅಪರಾಧವಾಗಿ ಕಂಡೀತು.

ಆದುದರಿಂದ ಪಾಠ ಹೇಳುವವರೂ ವಿದ್ಯಾರ್ಥಿಗಳೂ ಒಂದು ಕ್ರಮವನ್ನು ಅನುಸರಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಕಥೆ ಪೂರ್ತಿಯಾಗುವವರೆಗೆ ಸಾಧನವನ್ನು ತೆರೆಯಬಾರದು. ತೆರೆಯುವ ಮುನ್ನ ಮೂಲದ ಪ್ರತಿಯೊಂದನ್ನು ತೆಗೆದಿಡಬೇಕು. ಬಣ್ಣ ಬಿದ್ದ ವಾಕ್ಯವನ್ನು ಗಟ್ಟಿಯಾಗಿ ಓದಿ, ಈ ಮಾತು ಯಾರದು ಎಂದು ಕೇಳಿಕೊಳ್ಳಬೇಕು. ಅದು ಲೇಖಕನ ಅಜಾಗರೂಕತೆಯದಾದರೆ ತಿದ್ದತಕ್ಕದ್ದು, ಪಾತ್ರದ್ದಾದರೆ ಬಿಡತಕ್ಕದ್ದು. ಈ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಕಥೆ ಬರೆದವನೊಬ್ಬನೇ. ಆ ಉತ್ತರ ತಿಳಿಯದೆ ಬಣ್ಣವನ್ನೆಲ್ಲ ಅಳಿಸುತ್ತ ಹೋದವನ ಕಥೆಯಲ್ಲಿ ಮುದುಕಿಯೂ ಮಗುವೂ ಒಕ್ಕಲಿಗನೂ ವಕೀಲನೂ ಒಂದೇ ಧ್ವನಿಯಲ್ಲಿ ಮಾತನಾಡುವರು. ಮುಂದೊಂದು ದಿನ ನಮ್ಮ ಕಾಲದ ಜನ ಹೇಗೆ ಮಾತನಾಡುತ್ತಿದ್ದರೆಂದು ಆ ಕಥೆಗಳಲ್ಲಿ ಹುಡುಕುವ ಇತಿಹಾಸಕಾರನಿಗೆ ಸಿಗುವುದು 1967ರ ಒಂದು ಸೂತ್ರ ಮಾತ್ರ.