ಗಿಲ್ಬರ್ಟ್ ವೈಟನ ಪಕ್ಷಿವೀಕ್ಷಣೆ: ಪ್ರೀತಿ ಮತ್ತು ಪ್ರಮಾಣ

ಪಕ್ಷಿವೀಕ್ಷಣೆಯನ್ನು ರಸಿಕತೆಯೆಂದೂ ಪಕ್ಷಿಶಾಸ್ತ್ರವನ್ನು ಜ್ಞಾನವೆಂದೂ ಬೇರ್ಪಡಿಸುವುದು ವಾಡಿಕೆ. ಈ ವಿಭಾಗವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಗಿಲ್ಬರ್ಟ್ ವೈಟನ (1720–1793) ‘ಸೆಲ್ಬೋರ್ನಿನ ಪ್ರಕೃತಿ ಚರಿತ್ರೆ’ (1789) ತಕ್ಕ ಗ್ರಂಥವಾಗಿದೆ. ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತದ ಈ ಹಳ್ಳಿಯ ಪಾದ್ರಿಯು ಥಾಮಸ್ ಪೆನ್ನಂಟ್, ಡೇನ್ಸ್ ಬ್ಯಾರಿಂಗ್ಟನ್ ಎಂಬ ಇಬ್ಬರು ವಿದ್ವಾಂಸರಿಗೆ ಬರೆದ ಕಾಗದಗಳ ರೂಪದಲ್ಲಿ ಈ ಕೃತಿಯಿದೆ.

ವೈಟನ ಶಕ್ತಿಯನ್ನು 1768ರ ಒಂದು ಕಾಗದದಲ್ಲಿ ಕಾಣಬಹುದು. ನೋಟಕ್ಕೆ ಒಂದರಂತೆಯೇ ಇನ್ನೊಂದು ತೋರುವ ಸಣ್ಣ ಉಲಿಯಕ್ಕಿಗಳಲ್ಲಿ ಮೂರು ಜಾತಿಗಳುಂಟೆಂದು ಅವನು ಅಲ್ಲಿ ನಿರ್ಣಯಿಸುತ್ತಾನೆ. ಮೊದಲು ಭೇದವನ್ನು ತೋರಿದ್ದು ಅವುಗಳ ದನಿ. ಬಳಿಕ ಹಕ್ಕಿಗಳನ್ನೇ ಕೈಯಲ್ಲಿ ಹಿಡಿದು ಗಾತ್ರವನ್ನೂ ಗರಿಗಳನ್ನೂ ಹೋಲಿಸಿ ನೋಡಿ ಅವನು ಅದನ್ನು ದೃಢಪಡಿಸಿಕೊಂಡನು. ವರ್ಷವರ್ಷವೂ ಅದೇ ತೋಪಿನಲ್ಲಿ ಕಿವಿಗೊಟ್ಟು ನಿಲ್ಲುವ ಪ್ರೀತಿಯಿಲ್ಲದಿದ್ದರೆ ಈ ಶಾಸ್ತ್ರೀಯ ಫಲವು ಲಭಿಸುತ್ತಿರಲಿಲ್ಲ.

ಆದರೆ ಅದೇ ಪ್ರೀತಿ ಇನ್ನೊಂದೆಡೆ ಅವನನ್ನು ಎಡವಿಸಿತು. ಕವಲುತೋಕೆಗಳು ಚಳಿಗಾಲದಲ್ಲಿ ವಲಸೆ ಹೋಗುವುವೋ, ಎಲ್ಲಿಯಾದರೂ ಅಡಗಿ ನಿದ್ರಿಸುವುವೋ ಎಂಬುದು ಆ ಕಾಲದ ದೊಡ್ಡ ವಿವಾದ. ಅವು ಸಮುದ್ರವನ್ನು ದಾಟುವುದನ್ನು ಜಿಬ್ರಾಲ್ಟರಿನಲ್ಲಿದ್ದ ವೈಟನ ಸೋದರನು ಕಣ್ಣಾರೆ ಕಂಡಿದ್ದನು. ವಲಸೆಯನ್ನು ಶಂಕಿಸುತ್ತಿದ್ದ ಬ್ಯಾರಿಂಗ್ಟನ್ನನಿಗೆ ವೈಟನೇ ಅದನ್ನು ತಿಳಿಸುತ್ತಾನೆ. ಹಾಗಿದ್ದೂ ತನ್ನ ಊರಿನ ಕೆಲವು ಹಕ್ಕಿಗಳಾದರೂ ಅಲ್ಲಿಯೇ ಉಳಿಯುವುವೆಂಬ ನಂಬಿಕೆಯನ್ನು ಅವನು ಬಿಡಲಾರದೆ ಹೋದನು. 1781ರ ವಸಂತದಲ್ಲಿ ಆಳುಗಳಿಂದ ಪೊದೆಗಳನ್ನೂ ಪೊಟರೆಗಳನ್ನೂ ಶೋಧಿಸಿಸಿದನು. ಒಂದು ಹಕ್ಕಿಯೂ ಸಿಕ್ಕಲಿಲ್ಲ. ಊರಿನ ಮೇಲಣ ಮಮತೆಯೇ ಆ ಹಕ್ಕಿಗಳನ್ನು ಊರಿನಲ್ಲಿ ಉಳಿಸಿಕೊಳ್ಳಬಯಸಿತೆಂದು ಊಹಿಸಿದರೆ ತಪ್ಪಾಗಲಾರದು. ಒಂದು ಹಳ್ಳಿಯ ಅನುಭವಕ್ಕೆ ಅವನು ಸಲ್ಲಬೇಕಾದುದಕ್ಕಿಂತ ಹೆಚ್ಚಿನ ತೂಕವನ್ನು ಕೊಟ್ಟನು. ಗ್ರಂಥದ ನಿಜವಾದ ದೋಷ ಇದು. ಇಂತಹ ಪ್ರಶ್ನೆಗೆ ಒಬ್ಬನ ಕಣ್ಣು ಸಾಲದು. 1911ರಲ್ಲಿ ಇಂಗ್ಲೆಂಡಿನ ಸ್ಟ್ಯಾಫರ್ಡ್‌ಷೈರಿನಲ್ಲಿ ಕಾಲಿಗೆ ಉಂಗುರ ತೊಡಿಸಿದ್ದ ಕವಲುತೋಕೆಯೊಂದು 1912ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಸಿಕ್ಕಿತು. ಎರಡು ಖಂಡಗಳ ಜನ ಸೇರಿ ಒದಗಿಸಿದ ಸಾಕ್ಷ್ಯವದು.

ಆದರೂ ವೈಟನ ಹಿರಿಮೆಗೆ ಇದರಿಂದ ಕುಂದಿಲ್ಲ. ತನ್ನ ನಂಬಿಕೆಗೆ ವಿರುದ್ಧವಾದ ಸೋದರನ ಸಾಕ್ಷ್ಯವನ್ನಾಗಲಿ ನಿಷ್ಫಲವಾದ ಶೋಧವನ್ನಾಗಲಿ ಅವನು ಮರೆಮಾಡಲಿಲ್ಲ, ಎರಡನ್ನೂ ಅಚ್ಚುಮಾಡಿಸಿದನು. ಅವನ ತೀರ್ಮಾನವನ್ನು ಖಂಡಿಸಲು ಬೇಕಾದ ಸಾಮಗ್ರಿಯು ಅವನ ಗ್ರಂಥದಲ್ಲಿಯೇ ದೊರೆಯುತ್ತದೆ. ಹವ್ಯಾಸವನ್ನು ಶಾಸ್ತ್ರದಿಂದ ಬೇರ್ಪಡಿಸುವುದು ಪ್ರೀತಿಯಲ್ಲ, ಪ್ರತಿಕೂಲ ಪ್ರಮಾಣವನ್ನು ಅಡಗಿಸುವ ಬುದ್ಧಿ. ಹಕ್ಕಿಗಳನ್ನು ನೋಡಹೊರಟ ವಿದ್ಯಾರ್ಥಿಯು ವೈಟನಿಂದ ಮುಖ್ಯವಾಗಿ ಕಲಿಯಬೇಕಾದುದು ಇದನ್ನೇ.